20ಕ್ಕೆ 4 ಬಂದಿದೆ. ಟಾಟಾ ಇನ್‌ಸ್ಟಿಟ್ಯೂಟ್ ಬಿಟ್ಟು ಬರಲಾ?

ತೆಂಗಿನತೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೆ. ಹಾಸ್ಟೆಲ್‌ನಲ್ಲಿ ಯಾರ ಹತ್ತಿರವೂ ಹೇಳಲಾಗುತ್ತಿಲ್ಲ. ಅದಕ್ಕೇ ಇಲ್ಲಿ.

ನಾನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಅಂತ ಜನ ಕರೆಯುವುದು ಇದನ್ನೇ) ನಾಲ್ಕು ವರ್ಷದ ಬಿಎಸ್ಸಿ ರಿಸರ್ಚ್ ಕೋರ್ಸಿಗೆ ಈ ವರ್ಷ ಸೇರಿದ್ದೇನೆ. ಊರು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯು ಹಾಸನದಲ್ಲಿ. ಸೆಕೆಂಡ್ ಪಿಯುಸಿ ಗಣಿತಕ್ಕೆ ನೂರಕ್ಕೆ ನೂರು. ಊರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದ್ದರು. ಅದು ಇನ್ನೂ ಇದೆಯಂತೆ. ಮಳೆಗಾಳಿಗೆ ಅರ್ಧ ಹರಿದಿದೆ, ಕಿವಿ ಒಂದು ಹೋಗಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು.

ಹೋದ ವಾರ ಗಣಿತದ ಮೊದಲ ಟೆಸ್ಟ್ ಪೇಪರ್ ಕೊಟ್ಟರು. 20ಕ್ಕೆ 4. ಒಂದು ಪ್ರಶ್ನೆ ಹೀಗಿತ್ತು: 1/ಎನ್ ಅನ್ನೋ ಸರಣಿಯ ಲಿಮಿಟ್ ಸೊನ್ನೆ ಅಂತ ಸಾಧಿಸಿ. ಇಷ್ಟು ಸುಲಭದ ಪ್ರಶ್ನೆ ಯಾಕೆ ಕೊಟ್ಟರು ಅಂತ ನಗು ಬಂದಿತ್ತು. ‘ಎನ್ ದೊಡ್ಡದಾದಂತೆ 1/ಎನ್ ಚಿಕ್ಕದಾಗುತ್ತಾ ಹೋಗುತ್ತದೆ, ಆದ್ದರಿಂದ ಲಿಮಿಟ್ ಸೊನ್ನೆ’ ಅಂತ ಬರೆದೆ. ಅದಕ್ಕೆ ಸೊನ್ನೆ ಮಾರ್ಕ್ಸ್. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದೇ ಪದ: ಯಾಕೆ?

ಯಾಕೆ ಅಂದರೆ ಏನು ಹೇಳಲಿ? ಚಿಕ್ಕದಾಗುತ್ತದಲ್ಲ, ಕಣ್ಣಿಗೆ ಕಾಣುತ್ತದಲ್ಲ?

ರೂಮ್‌ಮೇಟ್ ಒಲಿಂಪಿಯಾಡ್ ಕ್ಯಾಂಪಿಗೆ ಹೋಗಿ ಬಂದವನು. ಒಳ್ಳೆಯವನೇ. ಆದರೆ ಅವನು ಅಸೈನ್‌ಮೆಂಟನ್ನು ಮಂಚದ ಮೇಲೆ ಮಲಗಿಕೊಂಡು ಮುಗಿಸುತ್ತಾನೆ, ನಾನು ರಾತ್ರಿ ಎರಡರ ತನಕ ಕೂತರೂ ಮೊದಲ ಲೆಕ್ಕ ದಾಟುವುದಿಲ್ಲ. ಕ್ಲಾಸಿನಲ್ಲಿ ಇಂಗ್ಲಿಷ್ ಅರ್ಥವಾಗುತ್ತದೆ. ಆದರೆ ಮೇಷ್ಟ್ರು ‘ಇದು ಸ್ಪಷ್ಟವಾಗಿಯೇ ಇದೆ’ ಅಂತ ಮುಂದೆ ಹೋಗುತ್ತಾರಲ್ಲ, ಅಲ್ಲೇ ನಾನು ಉಳಿದುಬಿಡುತ್ತೇನೆ. ಸುತ್ತ ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಆಡಿಸುತ್ತೇನೆ.

ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದಿತ್ತು, ಕಂಪ್ಯೂಟರ್ ಸೈನ್ಸ್ ಸಿಗುತ್ತಿತ್ತು. ಅದನ್ನು ಬಿಟ್ಟು ಇಲ್ಲಿಗೆ ಬಂದೆ. ಈಗ ಬಿಟ್ಟು ಹೋಗಿ ಮುಂದಿನ ವರ್ಷ ಮತ್ತೆ ಬರೆಯಲಾ ಅಂತ ಅನ್ನಿಸುತ್ತಿದೆ. ನಾನು ಇಲ್ಲಿಗೆ ಸೇರಿದವನೇ ಅಲ್ಲ ಅನ್ನಿಸುತ್ತಿದೆ. ಅಪ್ಪನಿಗೆ ಸೂಕ್ಷ್ಮವಾಗಿ ಹೇಳಿದೆ. ನಮ್ಮದು ಕೊಬ್ಬರಿ ವ್ಯಾಪಾರ. ‘ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗೋಕೆ ಹತ್ತು ಹನ್ನೊಂದು ತಿಂಗಳು ಬೇಕು ಕಣೋ, ನೀನು ಎರಡು ತಿಂಗಳಿಗೇ ಅಲ್ಲಾಡಿಸಿ ನೋಡ್ತಿದ್ದೀಯ’ ಅಂದರು. ಅಪ್ಪನಿಗೆ ಹೇಗೆ ಹೇಳುವುದು, ಫೈನಲ್ ಪರೀಕ್ಷೆ ಹನ್ನೊಂದು ತಿಂಗಳು ಕಾಯುವುದಿಲ್ಲ ಅಂತ.

ಯಾರಾದರೂ ಹೀಗೆ ಅನುಭವಿಸಿದವರು ಇದ್ದರೆ ಹೇಳಿ. ಸುಮ್ನೆ ‘ಧೈರ್ಯ ತಗೋ’ ಅನ್ನಬೇಡಿ ದಯವಿಟ್ಟು.

---

ಮೂರು_ಚಿಲ್ಲರೆ:

ನನಗೆ 20ಕ್ಕೆ 3 ಬಂದಿತ್ತು. ನಿಮಗಿಂತ ಒಂದು ಕಡಿಮೆ. ಅದಕ್ಕೇ ಈ ಹೆಸರು. ಬದುಕಿದ್ದೇನೆ, ಸಂಬಳವೂ ಬರುತ್ತಿದೆ. ಮಿಕ್ಕಿದ್ದನ್ನು ತಿಳಿದವರು ಹೇಳಲಿ.

---

ಕಪ್ಪೆ_ಅಕ್ಕ:

ತಮ್ಮಾ, ನೀನು ಅಂತಲೇ ಬರೆಯುತ್ತೇನೆ. ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು.

ನಾನು ತರೀಕೆರೆಯವಳು. ನಾನೂ ಹತ್ತರವರೆಗೆ ಕನ್ನಡ ಮೀಡಿಯಂ. ಅದೇ ಕೋರ್ಸಿಗೆ 2014ರಲ್ಲಿ ಸೇರಿದೆ. ಸಂಸ್ಥೆ 1909ರದ್ದು, ಆದರೆ ಪಿಯು ಮುಗಿಸಿದವರಿಗೆ ಅಂತ ಈ ಕೋರ್ಸು ಶುರುವಾಗಿದ್ದು 2011ರಲ್ಲಿ. ಹಾಗಾಗಿ ನಾವು ಹೋದಾಗ ಕೇಳೋಣ ಅಂದರೆ ಕೋರ್ಸು ಮುಗಿಸಿದವರೇ ಇನ್ನೂ ಯಾರೂ ಇರಲಿಲ್ಲ. ಫ್ಲೆಕ್ಸ್ ನನಗೂ ಕಟ್ಟಿದ್ದರು. ಅದರಲ್ಲಿ ನನ್ನ ಹೆಸರಿಗಿಂತ ಪಂಚಾಯ್ತಿ ಮೆಂಬರ್ ಹೆಸರು ದೊಡ್ಡದಾಗಿತ್ತು.

ಮೊದಲು ನಿನ್ನ ಸೊನ್ನೆಯ ವಿಷಯ ಮುಗಿಸೋಣ, ಯಾಕೆಂದರೆ ಅದು ಅನ್ಯಾಯದ ಸೊನ್ನೆ ಅಂತ ನಿನ್ನ ಮನಸ್ಸಿನಲ್ಲಿ ಎಲ್ಲೋ ಇದೆ. ಅಲ್ಲ. 1/ಎನ್ ಪಕ್ಕದಲ್ಲಿ ಇನ್ನೊಂದು ಸರಣಿ ಇಡು: 1 + 1/ಎನ್. ಅಂದರೆ 2, ಒಂದೂವರೆ, 1.33, 1.25... ಇದೂ ಎನ್ ದೊಡ್ಡದಾದಂತೆ ಚಿಕ್ಕದಾಗುತ್ತಾ ಹೋಗುತ್ತದೆ. ಕಣ್ಣಿಗೂ ಕಾಣುತ್ತದೆ. ಇದರ ಲಿಮಿಟ್ ಸೊನ್ನೆಯಾ? ಒಂದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲವಲ್ಲ. ನೀನು ಬರೆದ ಉತ್ತರದಲ್ಲಿ 1/ಎನ್ ತೆಗೆದು ಇದನ್ನು ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ, ಉತ್ತರ ಮಾತ್ರ ಸುಳ್ಳು. ಅದಕ್ಕೇ ಕೆಂಪು ಪೆನ್ನು ‘ಯಾಕೆ’ ಅಂದಿದ್ದು.

ಹಾಗಾದರೆ ಏನು ಬರೆಯಬೇಕಿತ್ತು? ಸಂತೆಯಲ್ಲಿ ಚೌಕಾಸಿ ನಡೆಯುತ್ತದಲ್ಲ, ಹಾಗೆ ಯೋಚಿಸು. ಎದುರಿಗೆ ಒಬ್ಬ ಹಟಮಾರಿ ಕೂತಿದ್ದಾನೆ. ‘ಸೊನ್ನೆಗೆ ಹತ್ತಿರ ಅಂತೀಯಲ್ಲ, ಎಷ್ಟು ಹತ್ತಿರ? 1/50ಕ್ಕಿಂತ ಹತ್ತಿರ ಬರುತ್ತಾ?’ ಅಂತಾನೆ. ನೀನು ‘51ನೇದರಿಂದ ಮುಂದೆ ಎಲ್ಲವೂ’ ಅಂತೀಯ. ಅವನು ‘1/1000?’ ಅಂತಾನೆ. ನೀನು ‘1001ರಿಂದ ಮುಂದೆ’ ಅಂತೀಯ. ಹೀಗೆ ಒಂದೊಂದೇ ಕೊಟ್ಟರೆ ಬೆಳಗಾಗುತ್ತದೆ. ಅದಕ್ಕೆ ಒಂದೇ ಸಲ ಮುಗಿಸುವುದು: ‘ನೀನು ಎಪ್ಸಿಲಾನ್ ಅಂತ ಏನು ಬೇಕಾದರೂ ಕೊಡು, ಸೊನ್ನೆಗಿಂತ ದೊಡ್ಡದಿದ್ದರೆ ಸಾಕು. 1/ಎಪ್ಸಿಲಾನ್‌ಗಿಂತ ದೊಡ್ಡದಾದ ಒಂದು ಪೂರ್ಣಸಂಖ್ಯೆ ಇದ್ದೇ ಇರುತ್ತದೆ, ಅಲ್ಲಿಂದ ಮುಂದೆ ಎಲ್ಲವೂ ನಿನ್ನ ಎಪ್ಸಿಲಾನ್‌ಗಿಂತ ಚಿಕ್ಕದು.’ ಅಷ್ಟೇ ಉತ್ತರ. ಮೂರು ಸಾಲು. 1 + 1/ಎನ್ ಇಟ್ಟುಕೊಂಡು ಇದೇ ಚೌಕಾಸಿಗೆ ಕೂರು. ಅವನು ‘ಅರ್ಧ’ ಅಂದ ತಕ್ಷಣ ನಿನ್ನ ಅಂಗಡಿ ಮುಚ್ಚುತ್ತದೆ.

ನನಗೆ ಇದು ಗೊತ್ತಾಗಲು ಆರು ವಾರ ಹಿಡಿಯಿತು. ಟ್ಯುಟೋರಿಯಲ್ ಟಿಎ, ಅಂದರೆ ಪಾಠದಲ್ಲಿ ಮೇಷ್ಟ್ರಿಗೆ ನೆರವಾಗುವ ಹಿರಿಯ ವಿದ್ಯಾರ್ಥಿ, ಒಬ್ಬರಿದ್ದರು, ಬಂಗಾಳದವರು, ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅವರ ರೂಮಿನ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ ಬಂದೆ. ಒಂದು ಸಲವಂತೂ ಒಳಗಿಂದ ಅವರೇ ಹೊರಗೆ ಬಂದುಬಿಟ್ಟರು, ನಾನು ನೋಟಿಸ್ ಬೋರ್ಡ್ ಓದುವವಳ ಹಾಗೆ ನಿಂತೆ. ಬೋರ್ಡಿನಲ್ಲಿ ಇದ್ದದ್ದು ಕಳೆದುಹೋದ ಸೈಕಲ್ ಕೀ ವಿಷಯ. ಮೂರನೇ ಸಲ ಒಳಗೆ ಹೋಗಿ ‘ನನಗೆ ಅರ್ಥವಾಗುತ್ತಿಲ್ಲ’ ಅಂದೆ. ಅವರು ‘ಯಾವ ಸಾಲು?’ ಅಂದರು. ‘ಎಲ್ಲವೂ’ ಅಂದೆ. ಬೈಯಲಿಲ್ಲ, ನಗಲಿಲ್ಲ. ‘ಎಲ್ಲವನ್ನೂ ಹೇಳೋಕೆ ನನಗೂ ಬರಲ್ಲ. ಒಂದು ಸಾಲು ಆರಿಸಿಕೊಂಡು ಬಾ’ ಅಂದರು.

ಅವತ್ತು ಸಿಟ್ಟು ಬಂತು, ನಿಜ ಹೇಳುತ್ತೇನೆ. ಹಾಸ್ಟೆಲಿಗೆ ಬಂದು ನೋಟ್ಸ್ ತೆಗೆದು ಪೆನ್ಸಿಲ್ ಹಿಡಿದು ಮೊದಲ ಸಾಲಿನಿಂದ ಓದಿದೆ. ಇದು ಗೊತ್ತು. ಇದು ಗೊತ್ತು. ಇದೂ ಗೊತ್ತು. ಏಳನೇ ಸಾಲಿನಲ್ಲಿ ನಿಂತೆ. ಅಂದರೆ ಎಲ್ಲವೂ ಅಲ್ಲ, ಏಳನೇ ಸಾಲು! ಅದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡೆ. ಇನ್ನೂರು ಪುಟದ ಆ ಪುಸ್ತಕ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮುಕ್ಕಾಲು ತುಂಬಿತ್ತು. ಎಡ ಪುಟದಲ್ಲಿ ನಿಂತ ಸಾಲು, ಬಲ ಪುಟದಲ್ಲಿ ಅದು ಯಾಕೆ ಹಾಗೆ ಅಂತ, ಕನ್ನಡದಲ್ಲಿ. ಹೌದು, ಕನ್ನಡದಲ್ಲೇ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆದರಾಯಿತು, ತಲೆಗೆ ಹೋಗುವಾಗ ಯಾವ ಭಾಷೆಯಲ್ಲಿ ಹೋದರೇನು.

‘ಸ್ಪಷ್ಟವಾಗಿಯೇ ಇದೆ’ ಅಂತ ಮೇಷ್ಟ್ರು ಅಂದ ಜಾಗಗಳೇ ನನ್ನ ಪುಸ್ತಕದಲ್ಲಿ ಜಾಸ್ತಿ. ಅವರಿಗೆ ಸ್ಪಷ್ಟ, ಇಪ್ಪತ್ತು ವರ್ಷ ಪಾಠ ಮಾಡಿದ್ದಾರೆ. ಸುತ್ತ ತಲೆಯಾಡಿಸುವವರ ವಿಷಯ ಬಿಡು. ನಿನ್ನ ಹಿಂದಿನ ಬೆಂಚಿನವನು ನೀನು ತಲೆಯಾಡಿಸುವುದನ್ನು ನೋಡಿ ‘ಇವನಿಗೂ ಅರ್ಥವಾಯಿತಲ್ಲಪ್ಪ’ ಅಂತ ಕುಗ್ಗುತ್ತಿರುತ್ತಾನೆ.

ಇನ್ನೊಂದು. ನೀನಿರುವ ಕ್ಯಾಂಪಸ್‌ನಲ್ಲಿ ನಿನ್ನ ವಯಸ್ಸಿನವರು ಸ್ವಲ್ಪ ಜನ, ಪಿಎಚ್‌ಡಿ ಮಾಡುವವರು ಜಾಸ್ತಿ. ಬೆಳಗಿನಿಂದ ಸಂಜೆವರೆಗೆ ಅರ್ಥವಾಗದ ವಸ್ತುವಿನ ಮುಂದೆ ಕೂರುವುದೇ ಅವರ ಕೆಲಸ. ಮೆಸ್ಸಿನಲ್ಲಿ ಅವರ ಪಕ್ಕ ತಟ್ಟೆ ಇಟ್ಟುಕೊಂಡು ಕೂತು ‘ನಿಮ್ಮ ಕೆಲಸ ಎಲ್ಲಿ ನಿಂತಿದೆ’ ಅಂತ ಕೇಳು. ಸಾರು ಆರುವ ತನಕ ಹೇಳುತ್ತಾರೆ. ನನಗೆ ಆ ಊಟಗಳೇ ಕ್ಲಾಸಿಗಿಂತ ಹೆಚ್ಚು ಕಲಿಸಿದವು.

ಸೇರಿದವನೇ ಅಲ್ಲ ಅಂದೆಯಲ್ಲ, ಅದಕ್ಕೆ. ಇಲ್ಲಿ ಆ ಮಾತನ್ನು ನೇರವಾಗಿ ಮುಖಕ್ಕೆ ಹೇಳಿಸಿಕೊಂಡವರು ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ. 1933ರಲ್ಲಿ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣುಮಗಳು ಅನ್ನೋ ಕಾರಣಕ್ಕೆ ಸೀಟು ಬೇಡ ಅಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಮೊದಲ ವರ್ಷ ಪ್ರೊಬೇಷನ್ ಅನ್ನೋ ಷರತ್ತಿನ ಮೇಲೆ ತೆಗೆದುಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ನಿನಗೆ ಯಾರೂ ಹಾಗೆ ಹೇಳಿಲ್ಲ ತಮ್ಮಾ. ನಿನಗೆ ನೀನೇ ಹೇಳಿಕೊಳ್ಳುತ್ತಿದ್ದೀಯ.

ನನ್ನ ಗಣಿತ ಏನಾಯಿತು ಅಂತ ಕೇಳುತ್ತೀಯ. ಮೊದಲ ಸೆಮಿಸ್ಟರ್ ಸಿ ಗ್ರೇಡ್. ಪವಾಡ ಏನೂ ಆಗಲಿಲ್ಲ. ಭೌತಶಾಸ್ತ್ರ ಮಾಡುತ್ತೇನೆ ಅಂತ ಬಂದವಳು. ಶುರುವಿನಲ್ಲಿ ಎಲ್ಲರೂ ಎಲ್ಲ ವಿಜ್ಞಾನವನ್ನೂ ಓದಬೇಕಲ್ಲ, ಹಾಗೆ ಬೇಡದ ಮನಸ್ಸಿನಿಂದ ಜೀವಶಾಸ್ತ್ರದ ಕ್ಲಾಸಿಗೆ ಕೂತು ಅಲ್ಲೇ ಉಳಿದೆ. ಒಂದು ರಾತ್ರಿ ಲೈಬ್ರರಿಯಿಂದ ಸೈಕಲ್ ತಳ್ಳಿಕೊಂಡು ಬರುವಾಗ ಮರದ ಮೇಲೆ ಎರಡು ಕಣ್ಣು ಕಂಡವು. ಕಾಡುಪಾಪ. ಯಶವಂತಪುರದ ರೈಲು ಕೂಗು ಕೇಳುವಷ್ಟು ಹತ್ತಿರದಲ್ಲಿ, ಬೆಂಗಳೂರಿನ ನಡುಮಧ್ಯ ಕಾಡುಪಾಪ! ಅದು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕೈ ಚಾಚಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂದರೆ, ನನಗೆ ಅಸೈನ್‌ಮೆಂಟ್ ಮರೆತೇಹೋಯಿತು. ಈಗ ಪಶ್ಚಿಮ ಘಟ್ಟದಲ್ಲಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡುತ್ತೇನೆ. ಆ ಲೆಕ್ಕಾಚಾರಕ್ಕೆ ಇವತ್ತಿಗೂ ಅದೇ ಗಣಿತ ಬೇಕು. ಇವತ್ತಿಗೂ ಏಳನೇ ಸಾಲಿನಲ್ಲಿ ನಿಲ್ಲುತ್ತೇನೆ.

---

ಅರ್ಧದಾರಿ:

ಅಕ್ಕ ಚೆನ್ನಾಗಿ ಬರೆದಿದ್ದಾರೆ. ಆದರೆ ಉಳಿದು ಗೆದ್ದವರ ಕಥೆ ಮಾತ್ರ ಕೇಳಿದರೆ ಸಾಲದು, ಅದಕ್ಕೆ ನನ್ನದೂ ಇರಲಿ.

ನಾನು ಬಿಟ್ಟು ಬಂದವನು. ಸಂಸ್ಥೆಯ ಹೆಸರು ಬೇಡ, ಇದಲ್ಲ, ಬೇರೆ ರಾಜ್ಯದ್ದು, ಇಷ್ಟೇ ದೊಡ್ಡ ಹೆಸರಿನದ್ದು. ಎರಡನೇ ವರ್ಷದಲ್ಲಿ ಬಿಟ್ಟೆ. ತಪ್ಪು ಮಾಡಿದೆ ಅಂತ ಇವತ್ತು ಅನ್ನಿಸುವುದಿಲ್ಲ, ಆದರೆ ಬಿಟ್ಟ ರೀತಿ ತಪ್ಪು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕ್ಲಾಸಿಗೆ ಹೋಗುವುದು ಬಿಟ್ಟೆ, ಮನೆಗೆ ‘ಎಲ್ಲ ಚೆನ್ನಾಗಿದೆ’ ಅಂತ ಫೋನ್. ಹಗಲು ನಿದ್ದೆ, ರಾತ್ರಿ ಎಚ್ಚರ. ಕೊನೆಗೆ ಅಪ್ಪ ಬಂದು ಟ್ರಂಕ್ ಹೊತ್ತುಕೊಂಡು ಕರೆದುಕೊಂಡು ಹೋದರು. ರೈಲಿನಲ್ಲಿ ಇಡೀ ದಾರಿ ಒಂದು ಮಾತೂ ಆಡಲಿಲ್ಲ. ಹುಬ್ಬಳ್ಳಿಯಲ್ಲಿ ಇಳಿದು ‘ಮಿರ್ಚಿ ತಿಂತೀಯೇನು’ ಅಂದರು. ಅಷ್ಟೇ. ಆಮೇಲೆ ಊರ ಹತ್ತಿರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಮಾಡಿದೆ. ಈಗ ಸೋಲಾರ್ ಪಂಪ್‌ಸೆಟ್ ಕೆಲಸ. ಖುಷಿಯಾಗಿದ್ದೇನೆ.

ಅದಕ್ಕೇ ನನ್ನ ಪ್ರಶ್ನೆ ಗಣಿತದ್ದಲ್ಲ. ಎರಡು ಗಂಟೆಗೆ ಮಲಗುತ್ತೇನೆ ಅಂದೆಯಲ್ಲ, ಮಲಗಿದ ಮೇಲೆ ನಿದ್ದೆ ಬರುತ್ತದೆಯಾ? ಊಟ ಸೇರುತ್ತಿದೆಯಾ? ಮೊದಲು ಇಷ್ಟವಿದ್ದದ್ದು, ಕ್ರಿಕೆಟ್ಟೋ ಏನೋ, ಈಗಲೂ ಇಷ್ಟವಾ? ಇವಕ್ಕೆ ಉತ್ತರ ‘ಇಲ್ಲ’ ಆದರೆ ಟಿಎ ಹತ್ತಿರ ಹೋಗುವುದಕ್ಕಿಂತ ಮೊದಲು ಕ್ಯಾಂಪಸ್‌ನ ಕೌನ್ಸೆಲರ್ ಹತ್ತಿರ ಹೋಗು. ಅಲ್ಲಿಗೆ ಹೋಗಲು ಮುಜುಗರವಾದರೆ 14416ಕ್ಕೆ ಫೋನ್ ಮಾಡು. ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಕಾಲಕ್ಕೆ ಅದು ಇರಲಿಲ್ಲ.

ಇನ್ನು ಬಿಡುವ ವಿಷಯ. ಸಿಇಟಿ ಮುಂದಿನ ವರ್ಷವೂ ಇರುತ್ತದೆ, ಎಲ್ಲೂ ಓಡಿಹೋಗುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆಯಿದ್ದರೆ ಧಾರಾಳವಾಗಿ ಹೋಗು. ಆದರೆ ಆ ಕೆಂಪು ‘ಯಾಕೆ’ಯಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದರೆ, ಅಲ್ಲಿಯೂ ಮೊದಲ ವರ್ಷ ಗಣಿತ ಇದೆ ಮಾರಾಯ.

---

ನಿವೃತ್ತ_ಮೇಷ್ಟ್ರು:

ಮಗೂ, ನಾನು ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವನು. ನಿನ್ನ ಪ್ರಶ್ನೆ ಓದಿ ಸ್ವಲ್ಪ ಕಸಿವಿಸಿಯಾಯಿತು. ನೀನು ಬರೆದ ಆ ಉತ್ತರಕ್ಕೆ ನಾನಾಗಿದ್ದರೆ ಪೂರ್ತಿ ಮಾರ್ಕ್ಸ್ ಕೊಟ್ಟು ‘ಗುಡ್’ ಅಂತಲೂ ಬರೆಯುತ್ತಿದ್ದೆ. ನಮಗೆ ಸಿಲಬಸ್ ಮುಗಿಸುವುದೇ ಹರಸಾಹಸ. ಲಿಮಿಟ್ ಅಂದರೆ ಬೆಲೆ ಹಾಕಿ ಲೆಕ್ಕ ಮಾಡುವುದು ಅಂತಲೇ ಮಕ್ಕಳು ತಿಳಿದು ಹೋಗುತ್ತಾರೆ. ಹಾಗಾಗಿ ನಿನ್ನ ನೂರರಲ್ಲಿ ನಮ್ಮ ಪಾಲಿನ ಸುಳ್ಳೂ ಸ್ವಲ್ಪ ಇದೆ.

ಕಪ್ಪೆ ಅಕ್ಕನವರು ಹೇಳಿದ ಚೌಕಾಸಿಗೆ ಒಂದು ಸೇರಿಸುತ್ತೇನೆ. ಬಹಳ ಮಕ್ಕಳು ಎಡವುವುದು ಎಪ್ಸಿಲಾನ್‌ನಲ್ಲಿ ಅಲ್ಲ, ‘ಎಲ್ಲ’ ಮತ್ತು ‘ಯಾವುದಾದರೂ ಒಂದು’ ಅನ್ನುವ ಮಾತುಗಳಲ್ಲಿ. ಕೊಬ್ಬರಿ ಮನೆಯವನು ನೀನು, ಹೇಳು. ‘ಈ ಅಟ್ಟದ ಎಲ್ಲ ಕಾಯಿಯೂ ಒಳ್ಳೆಯದು’ ಅಂತ ನಿಮ್ಮಪ್ಪ ಅಂದರು. ಕೊಳ್ಳಲು ಬಂದವನು ‘ಸುಳ್ಳು’ ಅನ್ನಬೇಕಾದರೆ ಏನು ತೋರಿಸಬೇಕು? ಎಲ್ಲ ಕಾಯಿಯೂ ಕೆಟ್ಟಿದೆ ಅಂತ ತೋರಿಸಬೇಕಾಗಿಲ್ಲ. ಕೊಳೆತದ್ದು ಒಂದೇ ಒಂದು ಕೈಗೆ ಸಿಕ್ಕರೆ ಸಾಕು. ಇನ್ನು ‘ಈ ಅಟ್ಟದಲ್ಲಿ ಒಂದಾದರೂ ಒಳ್ಳೆ ಕಾಯಿ ಇದೆ’ ಅಂದರೆ, ಅದು ಸುಳ್ಳು ಅನ್ನಲು ಅವನು ಅಟ್ಟವನ್ನೆಲ್ಲ ಕೆಳಗಿಳಿಸಬೇಕು. ಒಂದು ಸರಣಿ ಇಂಥ ಲಿಮಿಟ್‌ಗೆ ಹೋಗುವುದಿಲ್ಲ ಅಂತ ಸಾಧಿಸು ಅನ್ನುವ ಪ್ರಶ್ನೆ ಮುಂದಿನ ಪರೀಕ್ಷೆಗೆ ಬಂದೇ ಬರುತ್ತದೆ, ನೋಡುತ್ತಿರು. ಆಗ ಈ ಅಟ್ಟ ನೆನಪಿಸಿಕೊ. ಕೆಟ್ಟ ಎಪ್ಸಿಲಾನ್ ಒಂದು ಸಾಕು.

ನಿಮ್ಮಪ್ಪನ ಮಾತು ನನಗೆ ಬಹಳ ಹಿಡಿಸಿತು ಅಂತ ತಿಳಿಸು.

---

ತೆಂಗಿನತೋಟ (ಹದಿನೈದು ದಿನದ ಮೇಲೆ):

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ನಡುವೆ ಭೌತಶಾಸ್ತ್ರದ ಟೆಸ್ಟ್ ಇತ್ತು. 20ಕ್ಕೆ 11. ಕುಣಿಯುವಂಥದ್ದಲ್ಲ.

ಅರ್ಧದಾರಿ ಅಣ್ಣ, ನಿದ್ದೆ ಬರುತ್ತಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಒಂದು ಸಲ ಕೌನ್ಸೆಲರ್ ಹತ್ತಿರ ಹೋಗಿ ಬಂದೆ. ಅವರು ಜಾಸ್ತಿ ಏನೂ ಹೇಳಲಿಲ್ಲ, ನಾನೇ ಮುಕ್ಕಾಲು ಗಂಟೆ ಮಾತಾಡಿದೆ. ಮುಂದಿನ ವಾರ ಮತ್ತೆ ಬಾ ಅಂದಿದ್ದಾರೆ. ಬಿಡುವ ವಿಷಯ ಸೆಮಿಸ್ಟರ್ ಮುಗಿಯುವ ತನಕ ತೆಗೆಯುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಆಮೇಲಿಂದು ಗೊತ್ತಿಲ್ಲ.

ಮೇಷ್ಟ್ರೇ, ಅಟ್ಟದ ಲೆಕ್ಕ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ನಮ್ಮ ಅಟ್ಟದಲ್ಲಿ ಕೊಳೆತದ್ದು ಇರಲ್ಲ ಅಂತ ಬರಿ’ ಅಂದರು.

ಕಪ್ಪೆ ಅಕ್ಕ, ಪುಸ್ತಕ ಕೊಂಡೆ. ಮಲ್ಲೇಶ್ವರದಲ್ಲಿ, ಇನ್ನೂರು ಪುಟದ್ದೇ. ಮೊದಲ ದಿನವೇ ಒಂಬತ್ತು ಸಾಲು ಸೇರಿದವು. ಟಿಎ ಹತ್ತಿರ ಒಬ್ಬನೇ ಹೋಗಲು ಆಗದೆ ರೂಮ್‌ಮೇಟನ್ನು ಜೊತೆಗೆ ಕರೆದೆ. ದಾರಿಯಲ್ಲಿ ಅವನೂ ಒಂದು ಚೀಟಿ ತೆಗೆದ. ಅವನಿಗೆ ರಸಾಯನಶಾಸ್ತ್ರದಲ್ಲಿ ಮೂರು ಸಾಲು ನಿಂತಿವೆಯಂತೆ! ಅದನ್ನು ನಾನು ಹೇಳಿಕೊಟ್ಟೆ. ಒಂಬತ್ತರಲ್ಲಿ ಏಳು ಬಗೆಹರಿದವು. ಒಂದು ಪ್ರಿಂಟಿಂಗ್ ತಪ್ಪು, ಟಿಎ ಅವರೇ ತಿದ್ದಿಕೊಂಡರು. ಒಂದು ಉಳಿದಿದೆ. ಹೊತ್ತಾಯಿತು ಅಂತ ಕೇಳದೆ ಬಂದೆ, ಇಲ್ಲಿ ಕೇಳುತ್ತೇನೆ.

ಲಿಮಿಟ್ ಇರುವ ಸರಣಿ ಯಾವತ್ತೂ ಒಂದು ಮೇರೆಯ ಒಳಗೇ ಇರುತ್ತದೆ ಅಂತ ಒಂದು ಪ್ರಮೇಯ. ಅದರ ಸಾಧನೆಯ ಎರಡನೇ ಸಾಲಿನಲ್ಲಿ ‘ಎಪ್ಸಿಲಾನ್ 1 ಅಂತ ತೆಗೆದುಕೊಳ್ಳಿ’ ಅಂತ ಇದೆ. ಎಲ್ಲಿಂದ ಬಂತು ಈ 1? 2 ತೆಗೆದುಕೊಂಡರೆ ಆಗಲ್ವಾ?

---

ಕಪ್ಪೆ_ಅಕ್ಕ:

ಆಗುತ್ತೆ. 2 ಆಗುತ್ತೆ, 1973 ಬೇಕಾದರೂ ಆಗುತ್ತೆ. ಇಲ್ಲಿ ಹಟಮಾರಿಯ ಕುರ್ಚಿಯಲ್ಲಿ ಕೂತಿರುವುದು ನೀನೇ, ಏನು ಬೇಕೋ ಕೇಳಬಹುದು. 1 ಬರೆದವರಿಗೆ ಸೋಮಾರಿತನ, ಅಷ್ಟೇ. 2 ಹಾಕಿ ಪೂರ್ತಿ ಬರೆದು ಇಲ್ಲಿ ಹಾಕು, ನೋಡೋಣ. ನಾನು ನಾಳೆ ಸಂಜೆವರೆಗೆ ಆಗುಂಬೆಯಲ್ಲಿರುತ್ತೇನೆ, ಸಿಗ್ನಲ್ ಸಿಕ್ಕಾಗ ಓದುತ್ತೇನೆ. ಮೊದಲ ಕೆಲವು ಪದಗಳು ಮೇರೆಯ ಹೊರಗೆ ಉಳಿದುಹೋಗಬಹುದು, ಅವನ್ನು ಏನು ಮಾಡುತ್ತೀಯ ಅನ್ನುವುದನ್ನು ಮರೆಯಬೇಡ.

---

ಮೂರು_ಚಿಲ್ಲರೆ:

ನನಗೂ ಅದೇ ಸಾಲು ನಿಂತಿತ್ತು. ಇವತ್ತು ಗೊತ್ತಾಯಿತು.